ಕೋಸು ಕುರಿಗೆ, ಸಾಲ ರೈತನಿಗೆ



ಪತ್ರಿಕೆಗಳಲ್ಲಿ ವರ್ಷಕ್ಕೆ ಒಂದೆರಡು ಸಲವಾದರೂ ಒಂದು ಚಿತ್ರ ಅಚ್ಚಾಗುತ್ತದೆ. ಹಸಿರು ಕೋಸಿನ ಹೊಲ, ಅದರ ತುಂಬ ಕುರಿಮಂದೆ, ಬದುವಿನ ಮೇಲೆ ಹೆಗಲಿಗೆ ಟವಲು ಹಾಕಿಕೊಂಡು ನಿಂತ ರೈತ. ಕೆಳಗೆ ಒಂದು ಸಾಲು: ‘ಬೆಲೆ ಕುಸಿತ: ಬೆಳೆಯನ್ನು ಕುರಿಗೆ ಮೇಯಿಸಿದ ರೈತ’. ಪೇಟೆಯಲ್ಲಿ ಕಾಫಿ ಕುಡಿಯುತ್ತಾ ಅದನ್ನು ನೋಡಿದವರು ‘ಅಯ್ಯೋ ಪಾಪ’ ಅಂತಾರೆ. ಇನ್ನು ಕೆಲವರು ‘ರಸ್ತೆಗೆ ಸುರಿಯೋದಕ್ಕಿಂತ ವಾಸಿ, ಮೂಕಪ್ರಾಣಿಯಾದರೂ ತಿಂತಲ್ಲ’ ಅಂತ ನಮ್ಮ ಹೆಸರಿಗೆ ಪುಣ್ಯ ಬರೆಯುತ್ತಾರೆ. ಮಾರನೆಯ ದಿನ ಆ ಪತ್ರಿಕೆ ರದ್ದಿಗೆ ಹೋಗುತ್ತದೆ. ರೈತನ ಸಾಲ ಮಾತ್ರ ಎಲ್ಲಿಗೂ ಹೋಗುವುದಿಲ್ಲ.

ಕುದೇರು, ಸಂತೇಮರಹಳ್ಳಿ, ತೆರಕಣಾಂಬಿ, ಬೇಗೂರು, ಹಂಗಳ, ಈ ಸೀಮೆಯ ರೈತನಿಗೆ ಆ ಚಿತ್ರ ಹೊಸದಲ್ಲ. ಕೋಸು, ಟೊಮೆಟೊ, ಬೀಟ್‌ರೂಟು, ಬೀನ್ಸು, ಸಣ್ಣ ಈರುಳ್ಳಿ, ಬೂದುಗುಂಬಳ, ಇವುಗಳಲ್ಲಿ ಯಾವುದಾದರೂ ಒಂದು ಬೆಳೆದು, ‘ಬುಡಪ್ಪ, ಕುರಿನಾದ್ರೂ ಮೇಯ್ಲಿ’ ಅಂತ ಒಮ್ಮೆಯಾದರೂ ಅನ್ನದ ಮನೆ ಇಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅಷ್ಟು ಮಾಮೂಲಾಗಿ ಹೋಗಿರುವುದರಿಂದಲೇ ಅದನ್ನು ಯಾರೂ ನಷ್ಟ ಅಂತ ಬರೆದುಕೊಳ್ಳುವುದಿಲ್ಲ. ತಾಲೂಕು ಕಛೇರಿಯ ಯಾವ ಕಡತದಲ್ಲೂ ಅದಿಲ್ಲ, ಬ್ಯಾಂಕಿನ ಯಾವ ಪುಸ್ತಕದಲ್ಲೂ ಇಲ್ಲ.

ಈ ಬರಹ ಹೇಳುವುದು ಒಂದೇ ಮಾತು. ಬೆಲೆ ಬಿದ್ದು ಕುರಿಯ ಬಾಯಿಗೆ ಹೋದ ಬೆಳೆ, ಬರದಲ್ಲಿ ಒಣಗಿದ ಬೆಳೆಯ ಹಾಗೆ, ಆಲಿಕಲ್ಲು ಬಿದ್ದು ಹಾಳಾದ ಬೆಳೆಯ ಹಾಗೆ, ಸರ್ಕಾರಿ ಲೆಕ್ಕದಲ್ಲಿ ನಷ್ಟ ಅಂತ ಬರೆಯಲ್ಪಡಬೇಕು. ಅವರಾಗಿ ಬರೆಯುವುದಿಲ್ಲ. ನಾವು ಬರೆಸಬೇಕು.

ಕುರಿ ಬಿಡುವವನು ದಡ್ಡನಲ್ಲ

ಮೊದಲು ಲೆಕ್ಕ. ಒಂದು ಎಕರೆ ಕೋಸು ಇಟ್ಟಿದ್ದೀರಿ ಅಂದುಕೊಳ್ಳಿ. ನಾರು, ಉಳುಮೆ, ಗೊಬ್ಬರ, ಔಷಧಿ, ಕಳೆ ಕೂಲಿ, ನೀರು ಕಟ್ಟಿದ್ದು ಎಲ್ಲ ಸೇರಿ 60,000 ರೂಪಾಯಿ ಆಗಿದೆ ಅಂದುಕೊಳ್ಳಿ. ನಿಮ್ಮ ಅಂಕಿ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ, ಲೆಕ್ಕದ ದಾರಿ ಬದಲಾಗುವುದಿಲ್ಲ. ಬೆಳೆ 10 ಟನ್ ಬಂತು. ಅದನ್ನು ಕೊಯ್ಯುವ ಆಳು, ಚೀಲ, ಟೆಂಪೊ ಬಾಡಿಗೆ, ಹಮಾಲಿ, ಕಮಿಷನ್ ಎಲ್ಲ ಸೇರಿ ಕೆಜಿಗೆ 3 ರೂಪಾಯಿ ಬೀಳುತ್ತದೆ. ಮಂಡಿಯಲ್ಲಿ ಆವತ್ತಿನ ಧಾರಣೆ 2 ರೂಪಾಯಿ.

ಕೊಯ್ದು ಮಾರಿದರೆ ಕೆಜಿಗೆ 1 ರೂಪಾಯಿ ಕೈಯಿಂದ ಹೋಗುತ್ತದೆ. 10 ಟನ್‌ಗೆ 10,000 ರೂಪಾಯಿ. ಹಾಕಿದ 60,000 ಹೋದದ್ದಲ್ಲದೆ ಇನ್ನೂ 10,000 ಸಾಲ ಮಾಡಿ ಊರಿಗೆ ತರಕಾರಿ ಹಂಚಿದ ಹಾಗೆ. ಕುರಿ ಬಿಟ್ಟರೆ ಆ 10,000 ಉಳಿಯುತ್ತದೆ. ಹಾಗಾಗಿ ಕುರಿ ಬಿಡುವವನು ಹತಾಶೆಯಲ್ಲಿ ಬುದ್ಧಿ ಕೆಟ್ಟು ಬಿಡುವುದಲ್ಲ, ಕೂಡಿ ಕಳೆದು ನೋಡಿ ಬಿಡುತ್ತಾನೆ. ಇದನ್ನು ‘ಆಹಾರ ವ್ಯರ್ಥ ಮಾಡಿದ’ ಅಂತ ಬೈಯುವ ಪೇಟೆಯ ಬುದ್ಧಿವಂತರು ಮೊದಲು ಈ ಒಂದು ರೂಪಾಯಿ ಯಾರು ಕೊಡಬೇಕು ಅಂತ ಹೇಳಲಿ.

ಇನ್ನು ಕೆಲವರು ಸಲಹೆಗಾರರಿದ್ದಾರೆ. ‘ಮಾರಾಟವಾಗದ ತರಕಾರಿಯನ್ನು ಮೇವು ಮಾಡಿಕೊಳ್ಳಿ, ಕುರಿ ಸಾಕಿ, ಹೊಲದಲ್ಲಿ ಏನೂ ವ್ಯರ್ಥವಾಗಬಾರದು’ ಅಂತ ಸಭೆಗಳಲ್ಲಿ ಹೇಳಿಹೋಗುತ್ತಾರೆ. ಕೇಳಲು ಚೆನ್ನಾಗಿದೆ. ಕೋಸಿನ ಹೊರ ಎಲೆ, ಒಡೆದ ಗೆಡ್ಡೆ, ಬೀಟ್‌ರೂಟಿನ ಸೊಪ್ಪು, ಇವೆಲ್ಲ ನಮ್ಮ ತಾತಂದಿರ ಕಾಲದಿಂದ ದನಕುರಿಗೆ ಹೋಗುತ್ತಲೇ ಇವೆ. ಅದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಆದರೆ ಇಡೀ ಬೆಳೆಯೇ ಮೇವಾದರೆ ಅದರ ಬೆಲೆ ಎಷ್ಟು?

ಕೋಸಿನಲ್ಲಿ ನೂರಕ್ಕೆ 92 ಭಾಗ ನೀರು. 10 ಟನ್ ಕೋಸಿನಲ್ಲಿ ನೀರು ಕಳೆದರೆ ಉಳಿಯುವುದು 800 ಕೆಜಿ. ಒಣ ರಾಗಿ ಹುಲ್ಲಿನ ಲೆಕ್ಕಕ್ಕೆ ಅದು ಸುಮಾರು 900 ಕೆಜಿ. ಹುಲ್ಲಿಗೆ ಕೆಜಿಗೆ 6 ರೂಪಾಯಿ ಅಂತ ಹಾಕಿದರೂ 5,400 ರೂಪಾಯಿ. ಕೋಸಿನಲ್ಲಿ ಹುಲ್ಲಿಗಿಂತ ಸಾರ ಹೆಚ್ಚು, ನಿಜ. ಇಮ್ಮಡಿ ಬೆಲೆ ಕಟ್ಟಿ, 10,800 ಆಯಿತು. ಹಾಕಿದ 60,000ದಲ್ಲಿ ಐದನೇ ಒಂದು ಪಾಲೂ ಮುಟ್ಟಲಿಲ್ಲ. ಅದೂ ಕುರಿ ನಮ್ಮದೇ ಆಗಿದ್ದರೆ. ಟೊಮೆಟೊ ಕಥೆ ಇನ್ನೂ ಕಡೆ, ಅದರಲ್ಲಿ ನೂರಕ್ಕೆ 94 ಭಾಗ ನೀರು.

ಕುರಿಯೂ ತಿಂದು ಮುಗಿಸಲಾರದು

ಇನ್ನೊಂದು ವಿಷಯ ಈ ಸಲಹೆಗಾರರು ಹೇಳುವುದಿಲ್ಲ. 30 ಕೆಜಿ ತೂಕದ ಒಂದು ಕುರಿಗೆ ದಿನಕ್ಕೆ ಸುಮಾರು 1 ಕೆಜಿ ಒಣಮೇವಿನಷ್ಟು ಆಹಾರ ಬೇಕು. 3 ಕೆಜಿ ಕೋಸು ತಿಂದರೆ ಅದರಲ್ಲಿ ಸಿಗುವುದು ಅದರ ಕಾಲು ಭಾಗ ಮಾತ್ರ. ಬರೀ ಕೋಸಿನಲ್ಲೇ ಹೊಟ್ಟೆ ತುಂಬಿಸಲು ಹೋದರೆ ಕುರಿ ಹನ್ನೆರಡು ಕೆಜಿ ತಿನ್ನಬೇಕು. ಅಷ್ಟು ಹೊತ್ತಿಗೆ ಅದು ಬದುಕಿರುವುದಿಲ್ಲ.

ದಿನಕ್ಕೆ 3 ಕೆಜಿ ಲೆಕ್ಕದಲ್ಲಿ 10 ಟನ್ ಕೋಸು ಮುಗಿಯಲು 100 ಕುರಿಯ ಮಂದೆ 33 ದಿನ ಅದೇ ಹೊಲದಲ್ಲಿ ಬಿದ್ದಿರಬೇಕು. ಕೊಯ್ಲಿಗೆ ಬಂದ ಕೋಸು ಅಷ್ಟು ದಿನ ನಿಲ್ಲುತ್ತದೆಯೇ? ಒಡೆಯುತ್ತದೆ, ಕೊಳೆಯುತ್ತದೆ, ನಾರುತ್ತದೆ. ಬೆಲೆ ಬಿದ್ದಾಗ ಒಬ್ಬನ ಹೊಲ ಮಾತ್ರ ಇರುವುದಿಲ್ಲ, ಸುತ್ತ ಹತ್ತು ಊರಿನ ಹೊಲ ಒಟ್ಟಿಗೆ ಇರುತ್ತವೆ. ಅಷ್ಟಕ್ಕೆ ಸಾಲುವ ಕುರಿ ಈ ಸೀಮೆಯಲ್ಲಿ ಎಲ್ಲಿದೆ? ಆದ್ದರಿಂದ ಪತ್ರಿಕೆಯ ಚಿತ್ರದಲ್ಲಿ ಕಾಣುವ ಕುರಿ ನಮ್ಮ ನಷ್ಟದ ಒಂದು ಮೂಲೆಯನ್ನು ಮಾತ್ರ ಮೇಯುತ್ತಿದೆ. ಉಳಿದದ್ದು ಟ್ರ್ಯಾಕ್ಟರಿನ ರೋಟವೇಟರಿಗೆ.

ಹಾಗೂ ಬಿಡಲೇಬೇಕಾಗಿ ಬಂದಾಗ ಕೆಲವು ಎಚ್ಚರಿಕೆ ಬೇಕೇ ಬೇಕು, ಏಕೆಂದರೆ ಬೆಳೆಯ ಜೊತೆಗೆ ಕುರಿಯೂ ಹೋದರೆ ಎರಡು ಮನೆ ಹಾಳು. ಹಸಿದ ಮಂದೆಯನ್ನು ಒಮ್ಮೆಗೇ ಕೋಸಿಗೆ ನುಗ್ಗಿಸಬಾರದು. ಮೊದಲು ರಾಗಿ ಹುಲ್ಲೋ ಹುರುಳಿ ಹೊಟ್ಟೋ ಕೊಟ್ಟು, ಆಮೇಲೆ ಒಂದೆರಡು ಗಂಟೆ ಬಿಟ್ಟು ಹೊರಗೆ ಹೊಡೆಯಬೇಕು. ದಿನದಿನಕ್ಕೆ ಸ್ವಲ್ಪ ಸ್ವಲ್ಪ ಹೆಚ್ಚಿಸಬೇಕು. ಇಲ್ಲದಿದ್ದರೆ ಹೊಟ್ಟೆಯುಬ್ಬರ ಬರುತ್ತದೆ. ದಿಢೀರನೆ ಹೊಸ ಮೇವು ಹೆಚ್ಚು ತಿಂದ ಕುರಿಗೆ ಕರುಳುಬೇನೆ ತಗಲುವ ಭಯವೂ ಉಂಟು, ಅದರ ಲಸಿಕೆ ಮುಂಚೆಯೇ ಹಾಕಿಸಿರಬೇಕು. ವಾರಗಟ್ಟಲೆ ಕೋಸನ್ನೇ ತಿಂದರೆ ರಕ್ತ ಕಮ್ಮಿಯಾಗುತ್ತದೆ. ಈರುಳ್ಳಿಯನ್ನು ಅತಿಯಾಗಿ ತಿಂದರೂ ಅದೇ. ಟೊಮೆಟೊ ಹಣ್ಣು ಪರವಾಗಿಲ್ಲ, ಅದರ ಹಸಿ ಗಿಡ, ಎಲೆ, ಮತ್ತು ಹಸಿರು ತಿರುಗಿದ ಆಲೂಗಡ್ಡೆ ವಿಷ. ಎಲ್ಲಕ್ಕಿಂತ ಮುಖ್ಯ, ಔಷಧಿ ಹೊಡೆದ ಹೊಲಕ್ಕೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಳೆಯುವವರೆಗೆ ಕುರಿ ಬಿಡಬಾರದು. ಟೊಮೆಟೊ ಹೊಲದಲ್ಲಿ ಮಲ್ಚಿಂಗ್ ಶೀಟಿನ ಚೂರು, ಗಿಡ ಕಟ್ಟಿದ ಪ್ಲಾಸ್ಟಿಕ್ ದಾರ ಕುರಿಯ ಹೊಟ್ಟೆಗೆ ಹೋದರೆ ಅದು ಅಲ್ಲೇ ಕುಳಿತು ಕೊಲ್ಲುತ್ತದೆ.

ಇಷ್ಟೆಲ್ಲ ಮಾಡಿ ಕುರಿಯನ್ನು ಉಳಿಸಿಕೊಂಡರೂ ರೈತನ ಕೈಗೆ ಬಂದದ್ದು ಸೊನ್ನೆ.

ಕುರುಬನ ಮೇಲೆ ಸಿಟ್ಟು ಬೇಡ

ಕುರಿ ಕಾಯುವವನನ್ನು ನೋಡಿ ಕೆಲವರಿಗೆ ಹೊಟ್ಟೆ ಉರಿಯುತ್ತದೆ. ‘ನಾವು ಬೆವರು ಸುರಿಸಿದ್ದು, ಅವನ ಕುರಿ ಕೊಬ್ಬಿತು’ ಅಂತ. ಇದು ತಪ್ಪು ಲೆಕ್ಕ. ಹಿಂದಿನಿಂದ ನಮ್ಮಲ್ಲಿ ಕುರಿಮಂದೆ ಹಾಕಿಸುವ ಪದ್ಧತಿ ಇದೆ. ಬೆಳೆ ಕಟಾವಾದ ಮೇಲೆ ಮಂದೆಯನ್ನು ರಾತ್ರಿ ಹೊಲದಲ್ಲಿ ತರುಬಿಸಿ, ಹಿಕ್ಕೆ ಗಂಜಲಕ್ಕೆ ಬದಲಾಗಿ ಕುರುಬನಿಗೆ ರಾಗಿಯನ್ನೋ ದುಡ್ಡನ್ನೋ ಕೊಟ್ಟು ಕಳಿಸುತ್ತಿದ್ದೆವು. ಅದು ಇಬ್ಬರಿಗೂ ಮರ್ಯಾದೆಯ ವ್ಯವಹಾರ. ರೈತನಿಗೆ ಗೊಬ್ಬರ, ಕುರುಬನಿಗೆ ಕಾಳು.

ಈಗ ಆ ವ್ಯವಹಾರ ಬೋರಲಾಗಿದೆ. ‘ಅಣ್ಣೋ, ಕುರಿ ಹೊಡ್ಕಂಡು ಬಾ, ಕೋಸ್ ಮೇಯ್ಸ್ಕೊ’ ಅಂತ ರೈತನೇ ಕೂಗಿ ಕರೆಯಬೇಕು. ಅವನಿಗೂ ಪುರುಸೊತ್ತಿಲ್ಲ, ‘ಆಚೆ ಹೊಲದವ್ರೂ ಕರ್ದವ್ರೆ, ನೋಡ್ತೀನಿ’ ಅಂತಾನೆ. ಕುರಿ ಕಾಯುವವನ ಕಷ್ಟ ಅವನದು. ಬೀಳು ಇಲ್ಲ, ಗೋಮಾಳ ಉಳಿದಿಲ್ಲ. ನಮ್ಮಿಬ್ಬರನ್ನೂ ಈ ಗತಿಗೆ ತಂದವರು ಹೊಲದಲ್ಲಿ ಇಲ್ಲ. ಅವರನ್ನು ಬೇರೆ ಕಡೆ ಹುಡುಕಬೇಕು.

ಒಂದು ವಿಚಿತ್ರ ನೋಡಿ. ಕುರಿ ಆಕಸ್ಮಿಕವಾಗಿ ಸತ್ತರೆ ಸಾಕಿದವನಿಗೆ ಪರಿಹಾರ ಕೊಡುವ ‘ಅನುಗ್ರಹ’ ಅನ್ನುವ ಯೋಜನೆ ನಮ್ಮ ರಾಜ್ಯದಲ್ಲಿದೆ. ಒಳ್ಳೆಯದು, ಇರಲೇಬೇಕು, ಇನ್ನೂ ಹೆಚ್ಚು ಕೊಡಲಿ. ಆದರೆ ಅದೇ ಕುರಿ ಬೆಲೆ ಇಲ್ಲದ ಕಾರಣಕ್ಕೆ ಮೇದು ಹೋದ ಒಂದು ಎಕರೆ ಕೋಸಿಗೆ ಯಾವ ಅನುಗ್ರಹವೂ ಇಲ್ಲ. ಸತ್ತ ಕುರಿ ಸರ್ಕಾರಕ್ಕೆ ಕಾಣುತ್ತದೆ, ಸಾಯುತ್ತಿರುವ ಹೊಲ ಕಾಣುವುದಿಲ್ಲ.

ಬೆಲೆ ಏರಿದಾಗ ಓಡಿ ಬರುವವರು

‘ಮಾರುಕಟ್ಟೆ ಅಂದ್ರೆ ಹಾಗೇ ಕಣ್ರಿ, ಏರ್ತದೆ ಇಳೀತದೆ, ಸರ್ಕಾರ ಏನ್ ಮಾಡೋಕಾಗ್ತದೆ’ ಅನ್ನುವ ಅಧಿಕಾರಿಗಳಿಗೆ 2023ನೇ ಇಸವಿಯನ್ನು ನೆನಪು ಮಾಡಿಕೊಡಬೇಕು. ಆ ಜುಲೈನಲ್ಲಿ ಟೊಮೆಟೊ ನೂರು ರೂಪಾಯಿ ದಾಟಿತು. ಕೇಂದ್ರ ಸರ್ಕಾರಕ್ಕೆ ನಿದ್ದೆ ಹತ್ತಲಿಲ್ಲ. ನಾಫೆಡ್, ಎನ್‌ಸಿಸಿಎಫ್ ಸಂಸ್ಥೆಗಳನ್ನು ಕರ್ನಾಟಕ, ಆಂಧ್ರ, ಮಹಾರಾಷ್ಟ್ರಗಳಿಗೆ ಓಡಿಸಿ ಟೊಮೆಟೊ ಕೊಂಡು, ದೆಹಲಿಯ ಬೀದಿಗಳಲ್ಲಿ ಕೆಜಿಗೆ 90 ರೂಪಾಯಿಯಿಂದ ಶುರು ಮಾಡಿ 40ರವರೆಗೂ ಇಳಿಸಿ ಮಾರಿದರು. ಸಾಲದು ಅಂತ ನೇಪಾಳದಿಂದ ಟೊಮೆಟೊ ತರಿಸುವುದಾಗಿ ಆಗಸ್ಟ್‌ನಲ್ಲಿ ಸಂಸತ್ತಿನಲ್ಲೇ ಹೇಳಿದರು. ಅದೇ ಆಗಸ್ಟ್‌ನಲ್ಲಿ ಈರುಳ್ಳಿ ರಫ್ತಿನ ಮೇಲೆ ಶೇ. 40 ಸುಂಕ ಬಿತ್ತು. ಡಿಸೆಂಬರಿನಲ್ಲಿ ರಫ್ತನ್ನೇ ನಿಲ್ಲಿಸಿದರು.

ಅಂದರೆ ಸರ್ಕಾರಕ್ಕೆ ಮಾರುಕಟ್ಟೆಯೊಳಗೆ ಕೈ ಹಾಕುವುದು ಗೊತ್ತಿದೆ. ಲಾರಿ ಇದೆ, ದುಡ್ಡಿದೆ, ಸಂಸ್ಥೆ ಇದೆ, ಕಾನೂನಿದೆ. ಪೇಟೆಯವನ ಅಡಿಗೆಮನೆಗೆ ಬಿಸಿ ತಟ್ಟಿದರೆ ವಾರದೊಳಗೆ ಎಲ್ಲ ಕೆಲಸ ಮಾಡುತ್ತವೆ. ಅದೇ ಟೊಮೆಟೊ ಎರಡು ರೂಪಾಯಿಗೆ ಬಿದ್ದು ರೈತ ಕುರಿ ಬಿಟ್ಟಾಗ ಮಾತ್ರ ‘ಬೇಡಿಕೆ, ಪೂರೈಕೆ’ ಅಂತ ಪಾಠ ಹೇಳುತ್ತಾರೆ. ಏರಿದಾಗ ಸರ್ಕಾರದ ಕೈ, ಇಳಿದಾಗ ದೇವರ ಕೈ. ಇದೆಂಥ ನ್ಯಾಯ ಸ್ವಾಮಿ?

ಪೇಟೆಯವನು ಕೊಟ್ಟ ದುಡ್ಡಾದರೂ ನಮಗೆ ಬರುತ್ತದೆಯೇ? 2024ರಲ್ಲಿ ರಿಸರ್ವ್ ಬ್ಯಾಂಕಿನಿಂದ ಹೊರಬಂದ ಅಧ್ಯಯನವೇ ಹೇಳಿದೆ: ಗಿರಾಕಿ ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಮುಟ್ಟುವುದು ಟೊಮೆಟೊಗೆ ಸುಮಾರು 33 ಪೈಸೆ, ಈರುಳ್ಳಿಗೆ 36 ಪೈಸೆ, ಆಲೂಗಡ್ಡೆಗೆ 37 ಪೈಸೆ. ಉಳಿದ ಮೂರರಲ್ಲಿ ಎರಡು ಪಾಲು ದಾರಿಯಲ್ಲೇ ಕರಗುತ್ತದೆ. ನಮ್ಮ ರಾಜ್ಯದ ಎಪಿಎಂಸಿ ಕಾಯ್ದೆಯ ಪ್ರಕಾರ ದಲ್ಲಾಳಿ ತನ್ನ ಕಮಿಷನ್ನನ್ನು ಕೊಳ್ಳುವವನಿಂದ ಪಡೆಯಬೇಕು, ರೈತನಿಂದ ಅಲ್ಲ. ಬಿಳಿ ಚೀಟಿಯಲ್ಲಿ ಲೆಕ್ಕ ಬರೆಸಿಕೊಂಡು ಬರುವ ನಮಗೆ ಆ ಕಾಯ್ದೆ ಎಷ್ಟು ಮುಟ್ಟಿದೆ ಅನ್ನುವುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಚೀಟಿ ತೆಗೆದು ನೋಡಿಕೊಳ್ಳಬಹುದು.

ನಮ್ಮ ಸೀಮೆಗೆ ಇನ್ನೊಂದು ಕಷ್ಟ ಇದೆ. ತೆರಕಣಾಂಬಿ, ಗುಂಡ್ಲುಪೇಟೆಯ ತರಕಾರಿ ಹೆಚ್ಚಾಗಿ ನಂಬಿರುವುದು ಕೇರಳ, ತಮಿಳುನಾಡಿನ ಬಾಯನ್ನು. 2009ರಿಂದ ಬಂಡೀಪುರದ ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ. ಕಾಡು, ಆನೆ ಉಳಿಯಲಿ, ಅದರ ಬಗ್ಗೆ ತಕರಾರಿಲ್ಲ. ಆದರೆ ಒಂದೆರಡು ಬಾಗಿಲು ಮಾತ್ರ ಇರುವ ಮನೆಯಲ್ಲಿ ಒಂದು ಬಾಗಿಲು ಮುಚ್ಚಿದರೆ ಉಸಿರು ಕಟ್ಟುತ್ತದೆ. 2018ರ ಆಗಸ್ಟ್‌ನಲ್ಲಿ ಕೇರಳದಲ್ಲಿ ಪ್ರವಾಹ ಬಂದು ಓಣಂ ಹಬ್ಬದ ಸರ್ಕಾರಿ ಸಂಭ್ರಮವೇ ನಿಂತಿತು. ಓಣಂ ನಂಬಿ ಹೂವು, ತರಕಾರಿ ಹಾಕಿದವನಿಗೆ ಏನಾಗಿರಬೇಕು ಯೋಚಿಸಿ. 2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಿತು. ಇದರಲ್ಲಿ ರೈತ ಮಾಡಿದ ತಪ್ಪು ಯಾವುದು?

ಪ್ರಕೃತಿ ವಿಕೋಪ ಮತ್ತು ಪೇಟೆ ವಿಕೋಪ

ಈಗ ಸಾಲದ ವಿಷಯಕ್ಕೆ ಬರೋಣ, ಏಕೆಂದರೆ ಕುರಿ ಹೋದ ಮೇಲೂ ಹೊಲದಲ್ಲಿ ಉಳಿಯುವುದು ಅದೊಂದೇ.

ಬರ ಬಂದರೆ, ನೆರೆ ಬಂದರೆ, ಆಲಿಕಲ್ಲು ಬಿದ್ದರೆ, ಕೀಟ ಮುತ್ತಿದರೆ ಸರ್ಕಾರದ ವಿಪತ್ತಿನ ಪಟ್ಟಿಯಲ್ಲಿ ಜಾಗ ಇದೆ. ಬೆಳೆ ಶೇ. 33 ಅಥವಾ ಹೆಚ್ಚು ಹಾಳಾಗಿದ್ದರೆ ಪರಿಹಾರಕ್ಕೆ ಅರ್ಜಿ ಹಾಕಬಹುದು. ಬ್ಯಾಂಕಿನವರು ಬೆಳೆ ಸಾಲದ ವಾಯಿದೆ ಮುಂದೆ ಹಾಕಲು ರಿಸರ್ವ್ ಬ್ಯಾಂಕಿನ ನಿಯಮವೂ ಇದೆ. ಬೆಲೆ ಬಿದ್ದು ಬೆಳೆ ನೂರಕ್ಕೆ ನೂರು ಹೋದರೂ ಆ ಪಟ್ಟಿಯಲ್ಲಿ ಹೆಸರಿಲ್ಲ. 2016ರಲ್ಲಿ ಬಂದ ಫಸಲ್ ಬಿಮಾ ಇಳುವರಿಯನ್ನು ನೋಡುತ್ತದೆ, ಹವಾಮಾನ ಆಧಾರಿತ ವಿಮೆ ಮಳೆ ಬಿಸಿಲನ್ನು ನೋಡುತ್ತದೆ. ಎರಡೂ ಧಾರಣೆಯನ್ನು ನೋಡುವುದಿಲ್ಲ. ಇಳುವರಿ ಚೆನ್ನಾಗಿ ಬಂದದ್ದೇ ಇಲ್ಲಿ ನಮ್ಮ ಅಪರಾಧ.

ಕೇಂದ್ರ ಬೆಂಬಲ ಬೆಲೆ ಪ್ರಕಟಿಸುವ 22 ಬೆಳೆಗಳಲ್ಲಿ ಒಂದೇ ಒಂದು ತರಕಾರಿ ಇಲ್ಲ. ಹೀಗಾಗಿ ತರಕಾರಿ ಬೆಳೆಗಾರನಿಗೆ ಮೇಲೆ ಚಾವಣಿ ಇದೆ, ಕೆಳಗೆ ನೆಲ ಇಲ್ಲ. ಬೀಜ, ಔಷಧಿ ಅಂಗಡಿಯ ಉದ್ರಿ ನಿಲ್ಲುವುದಿಲ್ಲ. ಮಂಡಿಯಲ್ಲಿ ಮುಂಗಡ ತಂದವನು ಮುಂದಿನ ಬೆಳೆಯನ್ನೂ ಅಲ್ಲಿಗೇ ಹಾಕಬೇಕು, ಧಾರಣೆ ಕೇಳುವ ಬಾಯಿ ಅವನಿಗಿರುವುದಿಲ್ಲ. ಸೊಸೈಟಿಯ ಸಾಲಕ್ಕೆ ಬಡ್ಡಿ ಇಲ್ಲ ಅಂತಾರೆ. ವಾಯಿದೆ ಮೀರಿದ ಮೇಲೆ ಬಡ್ಡಿಯೂ ಬರುತ್ತದೆ, ನೋಟೀಸೂ ಬರುತ್ತದೆ. ಆ ನೋಟೀಸಿಗೆ ‘ನಮ್ಮ ಬೆಳೆ ಕುರಿ ಮೇದಿದೆ’ ಅಂತ ಉತ್ತರ ಬರೆದರೆ ಮ್ಯಾನೇಜರು ನಗುತ್ತಾರೆ.

ಹಾಲಿಗೆ ಇದ್ದದ್ದು ಕೋಸಿಗೆ ಯಾಕಿಲ್ಲ?

‘ತರಕಾರಿ ಕೆಡುವ ಪದಾರ್ಥ, ಅದಕ್ಕೆ ಬೆಲೆ ಕಟ್ಟಿ ಕೊಳ್ಳಲಾಗದು’ ಅನ್ನುವುದು ಸರ್ಕಾರದ ಹಳೆಯ ಉತ್ತರ. ಈ ಉತ್ತರ ಕೊಡುವವರನ್ನು ಕುದೇರಿಗೆ ಕರೆತರಬೇಕು. ಅಲ್ಲಿ ಚಾಮರಾಜನಗರ ಜಿಲ್ಲಾ ಹಾಲು ಒಕ್ಕೂಟದ ಡೇರಿ ಇದೆ. ಹಾಲಿಗಿಂತ ಬೇಗ ಕೆಡುವ ಪದಾರ್ಥ ಹಳ್ಳಿಯಲ್ಲಿ ಯಾವುದಿದೆ? ಕೋಸು ಒಂದು ವಾರ ತಡೆಯುತ್ತದೆ, ಹಾಲು ಒಂದು ಮಧ್ಯಾಹ್ನ ತಡೆಯುವುದಿಲ್ಲ. ಆದರೂ ಬೆಳಿಗ್ಗೆ ಸಂಜೆ ನಮ್ಮೂರಿನ ಸಂಘದಲ್ಲಿ ಹಾಲು ಅಳೆಯುತ್ತಾರೆ, ದರ ಮೊದಲೇ ಗೊತ್ತಿರುತ್ತದೆ, ದುಡ್ಡು ಖಾತೆಗೆ ಬೀಳುತ್ತದೆ, ಲೀಟರಿಗೆ 5 ರೂಪಾಯಿ ರಾಜ್ಯ ಸರ್ಕಾರದ ಪ್ರೋತ್ಸಾಹಧನ ತಡವಾಗಿಯಾದರೂ ಬರುತ್ತದೆ. ಹಾಲು ಹೆಚ್ಚಾದ ಕಾಲದಲ್ಲಿ ಪುಡಿ ಮಾಡುತ್ತಾರೆ, ಕೆಡದ ಹಾಗೆ ಕಾಯಿಸಿ ಪ್ಯಾಕೆಟ್ ಮಾಡುತ್ತಾರೆ. ಹಾಲು ಹೆಚ್ಚಾಯಿತು, ನಾಯಿಗೆ ಸುರೀರಿ ಅಂತ ಯಾವ ಅಧಿಕಾರಿಯೂ ಹೇಳಿಲ್ಲ.

ಹಾಲಿನ ದರ ಸಾಲುತ್ತದೆ ಅಂತ ಇದರ ಅರ್ಥವಲ್ಲ. ಆ ಜಗಳ ಬೇರೆ ಇದೆ. ಇಲ್ಲಿ ಹೇಳುವುದಿಷ್ಟೇ: ಕೆಡುವ ಪದಾರ್ಥಕ್ಕೂ ಸಂಘ ಕಟ್ಟಬಹುದು, ದರ ಕಟ್ಟಬಹುದು, ಹೆಚ್ಚಾದಾಗ ದಾಸ್ತಾನು ಮಾಡಬಹುದು ಅನ್ನುವುದಕ್ಕೆ ಸಾಕ್ಷಿ ನಮ್ಮ ಕಣ್ಣ ಮುಂದೆಯೇ ನಿಂತಿದೆ.

ಬೇರೆ ಸಾಕ್ಷಿಗಳೂ ಇವೆ. ನಮ್ಮ ತರಕಾರಿ ತಿನ್ನುವ ಕೇರಳ ರಾಜ್ಯ 2020ರ ನವೆಂಬರ್ 1ರಂದು ತನ್ನ ರೈತರು ಬೆಳೆಯುವ 16 ಬಗೆಯ ಹಣ್ಣು ತರಕಾರಿಗೆ, ಉತ್ಪಾದನಾ ವೆಚ್ಚದ ಮೇಲೆ ಶೇ. 20 ಸೇರಿಸಿ, ತಳಬೆಲೆ ಘೋಷಿಸಿತು. ಆಗ ಟೊಮೆಟೊಗೆ ಕೆಜಿಗೆ 8 ರೂಪಾಯಿ, ಕೋಸಿಗೆ 11 ರೂಪಾಯಿ. ಬಂಡೀಪುರದ ಕಾಡಿನ ಆಚೆ ಕಡೆ ಕೋಸಿಗೆ ತಳಬೆಲೆ, ಈಚೆ ಕಡೆ ಕುರಿ. ಹರಿಯಾಣ 2017ರ ಕೊನೆಯಲ್ಲೇ ಟೊಮೆಟೊ, ಈರುಳ್ಳಿ, ಆಲೂಗಡ್ಡೆ, ಹೂಕೋಸಿಗೆ ಬೆಲೆ ವ್ಯತ್ಯಾಸ ತುಂಬಿಕೊಡುವ ಯೋಜನೆ ತಂದಿತು.

ನಮ್ಮ ರಾಜ್ಯಕ್ಕೆ ಇದು ಆಗದ ಕೆಲಸವೇ? ಅಲ್ಲವೆಂದು ಅವರೇ ತೋರಿಸಿದ್ದಾರೆ. 2020ರ ಮೇ ತಿಂಗಳಲ್ಲಿ ಹೂವಿನ ಬೆಳೆಗಾರರಿಗೆ ಹೆಕ್ಟೇರಿಗೆ 25,000, ಹಣ್ಣು ತರಕಾರಿ ಬೆಳೆಗಾರರಿಗೆ 15,000 ರೂಪಾಯಿ ಘೋಷಿಸಿದರು. 2021ರಲ್ಲಿ ಹೆಕ್ಟೇರಿಗೆ 10,000. ಎಕರೆ ಲೆಕ್ಕಕ್ಕೆ ಇದು ಆರು ಸಾವಿರ, ನಾಲ್ಕು ಸಾವಿರ. ಕೊಯ್ಲಿನ ಕೂಲಿಗೂ ಸಾಲದು. ಆದರೂ ಮಾರಾಟವಾಗದ ಬೆಳೆಯೂ ನಷ್ಟವೇ ಅಂತ ಸರ್ಕಾರ ಆಗ ಕೈಯಾರೆ ಬರೆದುಕೊಟ್ಟಿತು. 2025ರಲ್ಲಿ ತೋತಾಪುರಿ ಮಾವಿನ ಬೆಲೆ ಬಿದ್ದಾಗ, ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯ ಕೆಳಗೆ ಕ್ವಿಂಟಾಲಿಗೆ 1,616 ರೂಪಾಯಿ ಬೆಲೆ ಗೊತ್ತು ಮಾಡಿ, 2.5 ಲಕ್ಷ ಟನ್ ಮಾವಿಗೆ ವ್ಯತ್ಯಾಸದ ಹಣ ಕೊಡಲು ಕೇಂದ್ರ ಒಪ್ಪಿತು. ಅದರ ಹೊರೆ ಕೇಂದ್ರ, ರಾಜ್ಯ ಅರ್ಧರ್ಧ. ಕೋಲಾರ, ಚಿಕ್ಕಬಳ್ಳಾಪುರ, ರಾಮನಗರ ಸೀಮೆಯ ಮಾವಿನ ರೈತರು ಬೀದಿಗಿಳಿದು ಗದ್ದಲ ಎಬ್ಬಿಸಿದ ಮೇಲೆ ಬಂದದ್ದು ಅದು. ಮಾವಿಗೆ ಇರುವ ದಾರಿ ಕೋಸಿಗೂ ಇದೆ. ಕೇಳಬೇಕಾದ್ದು ರಾಜ್ಯ ಸರ್ಕಾರ, ಕೇಳಿಸಬೇಕಾದವರು ನಾವು.

‘ನೀವೇ ಜಾಸ್ತಿ ಬೆಳೆದಿರಿ’

ಕೊನೆಯ ಬಾಣ ಇದು. ‘ಎಲ್ರೂ ಒಂದೇ ಬೆಳೆ ಹಾಕಿದ್ರೆ ಇನ್ನೇನಾಗ್ತದೆ?’ ಇದರಲ್ಲಿ ಸತ್ಯ ಇಲ್ಲವೆಂದಲ್ಲ. ಪಕ್ಕದ ಹೊಲದವನಿಗೆ ಟೊಮೆಟೊದಲ್ಲಿ ದುಡ್ಡಾಯಿತು ಅಂದ ಕೂಡಲೆ ಊರಿಗೆ ಊರೇ ನಾರಿಗೆ ಓಡುವುದು ಉಂಟು. ಅದಕ್ಕೆ ನಮ್ಮ ನಮ್ಮಲ್ಲೇ ಮಾತುಕತೆ ಬೇಕು, ಊರಿನಲ್ಲಿ ಕುಳಿತು ಯಾರು ಯಾವುದನ್ನು ಎಷ್ಟು ಹಾಕುವುದು ಅಂತ ಮಾತಾಡುವ ಅಭ್ಯಾಸ ಬೇಕು.

ಆದರೆ ಆಪಾದನೆ ಮಾಡುವವರ ಕೈಯಲ್ಲಿ ಏನಿದೆ ನೋಡಿ. ಹಂಗಾಮು ಹಂಗಾಮಿಗೂ ಬೆಳೆ ಸಮೀಕ್ಷೆ ಅಂತ ಸರ್ವೆ ನಂಬರಿಗೆ ಸರ್ವೆ ನಂಬರು ಫೋಟೊ ತೆಗೆದು ಸರ್ಕಾರ ಸೇರಿಸಿಟ್ಟುಕೊಳ್ಳುತ್ತದೆ. ಯಾವ ಹೋಬಳಿಯಲ್ಲಿ ಎಷ್ಟು ಎಕರೆ ಕೋಸು ಇದೆ, ಅದು ಯಾವ ತಿಂಗಳು ಕೊಯ್ಲಿಗೆ ಬರುತ್ತದೆ ಅನ್ನುವುದನ್ನು ಕೂತಲ್ಲೇ ಲೆಕ್ಕ ಹಾಕಬಹುದು. ರೈತನಿಗೆ ಪಕ್ಕದ ಹೊಲ ಮಾತ್ರ ಕಾಣುತ್ತದೆ, ಸರ್ಕಾರಕ್ಕೆ ಇಡೀ ರಾಜ್ಯ ಕಾಣುತ್ತದೆ. ಕಂಡವರು ಬಾಯಿ ಮುಚ್ಚಿಕೊಂಡು, ಕಾಣದವನನ್ನು ‘ಯಾಕೆ ಎಡವಿದೆ’ ಅಂತ ಕೇಳುವುದು ಯಾವ ಧರ್ಮ? ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕುವುದಕ್ಕಾದರೆ ಆ ಸಮೀಕ್ಷೆ ಯಾರಿಗೆ ಬೇಕು?

ಮಾಡಬೇಕಾದ್ದು

ಬಾಂಧವರೇ, ಗೋಳು ಹೇಳಿಕೊಂಡು ಕೂತರೆ ಪತ್ರಿಕೆಗೆ ಇನ್ನೊಂದು ಚಿತ್ರ ಸಿಗುತ್ತದೆ ಅಷ್ಟೆ. ಮುಂದಿನ ಸಲ ಹೊಲಕ್ಕೆ ಕುರಿ ಬಿಡುವ ಮೊದಲು ಈ ಕೆಲಸ ಮಾಡಿ.

ಒಂದು, ಬೆಳೆ ನಿಂತಿರುವಾಗಲೇ ಹೊಲದ ಫೋಟೊ ತೆಗೆದಿಡಿ. ಆವತ್ತಿನ ಮಂಡಿ ಧಾರಣೆಯ ಚೀಟಿ, ಬೀಜ ಗೊಬ್ಬರ ಔಷಧಿಯ ರಸೀದಿ, ಕೂಲಿಯ ಲೆಕ್ಕ ಒಂದು ನೋಟುಬುಕ್ಕಿನಲ್ಲಿ ಇರಲಿ. ರಸೀದಿ ಕೊಡದ ಅಂಗಡಿಯಲ್ಲಿ ಕೇಳಿ ಪಡೆಯಿರಿ.

ಎರಡು, ಸರ್ವೆ ನಂಬರು, ವಿಸ್ತೀರ್ಣ, ಖರ್ಚು, ಧಾರಣೆ ಬರೆದು ತಹಸೀಲ್ದಾರರಿಗೂ ತೋಟಗಾರಿಕೆ ಇಲಾಖೆಗೂ ಅರ್ಜಿ ಕೊಟ್ಟು, ಗ್ರಾಮ ಆಡಳಿತಾಧಿಕಾರಿ ಸ್ಥಳಕ್ಕೆ ಬಂದು ಪಂಚನಾಮೆ ಮಾಡಬೇಕೆಂದು ಕೇಳಿ. ಅರ್ಜಿಯ ಪ್ರತಿಗೆ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ‘ನಿಯಮದಲ್ಲಿ ಇಲ್ಲ’ ಅಂದರೆ ಹಾಗಂತಲೇ ಬರೆದುಕೊಡಿ ಅನ್ನಿ. ಒಬ್ಬರು ಹೋದರೆ ಕಾಯಿಸುತ್ತಾರೆ, ಐವತ್ತು ಜನ ಒಟ್ಟಿಗೆ ಹೋದರೆ ಕುರ್ಚಿ ಹಾಕುತ್ತಾರೆ.

ಮೂರು, ಅದೇ ಅರ್ಜಿಯ ನಕಲನ್ನು ಸಾಲ ಕೊಟ್ಟ ಸೊಸೈಟಿಗೆ, ಬ್ಯಾಂಕಿಗೆ ಕೊಟ್ಟು, ವಾಯಿದೆ ಮುಂದೆ ಹಾಕಬೇಕೆಂದು ಲಿಖಿತವಾಗಿ ಕೇಳಿ. ನೋಟೀಸು ಬಂದ ಮೇಲೆ ಕೊಟ್ಟ ಉತ್ತರಕ್ಕಿಂತ ಮೊದಲೇ ಕೊಟ್ಟ ಅರ್ಜಿಗೆ ತೂಕ ಹೆಚ್ಚು.

ನಾಲ್ಕು, ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸಿ, ನಡಾವಳಿ ಪುಸ್ತಕದಲ್ಲಿ ಬರೆಸಿ: ತರಕಾರಿಗೆ ಉತ್ಪಾದನಾ ವೆಚ್ಚದ ಮೇಲೆ ತಳಬೆಲೆ ಬೇಕು, ಧಾರಣೆ ಕೊಯ್ಲಿನ ಖರ್ಚಿಗಿಂತ ಕೆಳಗೆ ಬಿದ್ದ ದಿನದಿಂದ ಮಾವಿಗೆ ಕೊಟ್ಟ ಹಾಗೆ ವ್ಯತ್ಯಾಸದ ಹಣ ಬೇಕು, ಬೆಲೆ ಕುಸಿತದಿಂದ ಬೆಳೆ ಕೈಬಿಟ್ಟ ರೈತನ ಸಾಲಕ್ಕೆ ಬರಗಾಲದ ನಿಯಮವೇ ಅನ್ವಯವಾಗಬೇಕು, ಹಾಲಿನ ಹಾಗೆ ತರಕಾರಿಗೂ ಊರೂರಿನಲ್ಲಿ ಸಂಘ, ತಾಲೂಕಿನಲ್ಲಿ ಶೀತಲಗೃಹ ಬೇಕು. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ತಾಲೂಕಿನ ಪಂಚಾಯಿತಿಗಳಿಂದ ಇದೇ ನಾಲ್ಕು ಮಾತಿನ ನಿರ್ಣಯ ಜಿಲ್ಲಾಧಿಕಾರಿಗಳ ಮೇಜಿಗೆ ಹೋಗಬೇಕು.

ಇಷ್ಟಾದ ಮೇಲೂ ಯಾರೂ ಬರದಿದ್ದರೆ, ಆಗ ಕುರಿ ಬಿಡೋಣ. ಹುಲ್ಲು ಹಾಕಿ, ನೀರು ಕುಡಿಸಿ, ಲಸಿಕೆ ಹಾಕಿಸಿ ಬಿಡೋಣ. ಅವುಗಳ ತಪ್ಪೇನೂ ಇಲ್ಲ. ಆದರೆ ಆವತ್ತು ಸಂಜೆ ಎಕರೆಗೆ ಎಷ್ಟು ಹೋಯಿತು ಅನ್ನುವ ಅಂಕಿಯನ್ನು ಊರ ಚಾವಡಿಯ ಗೋಡೆಯ ಮೇಲೆ ಸುಣ್ಣದಲ್ಲಿ ಬರೆದಿಡೋಣ. ಮುಂದೆ ಓಟು ಕೇಳಿಕೊಂಡು ಬರುವವರು ಮೊದಲು ಆ ಗೋಡೆಯನ್ನು ಓದಿ, ಆಮೇಲೆ ಮಾತಾಡಲಿ.